ಬೋರಲು ಚಮಚ

ಹಳದಿ ಹೂವಿನ ಚಾದರ ಮೆಷಿನ್ನಿನ ಗಾಜಿನ ಹಿಂದೆ ಒಮ್ಮೆ ಮೇಲೆ ಬರುತ್ತದೆ, ಒಮ್ಮೆ ಕೆಳಗೆ ಹೋಗುತ್ತದೆ, ಹೂವು, ನೊರೆ, ಮತ್ತೆ ಹೂವು, ಅಮ್ಮ ನಿನ್ನೆ ಒದ್ದೆ ಮಾಡಿದ್ದು ಅದು, ಮೊನ್ನೆಯದು ಅಡಿಯಲ್ಲೆಲ್ಲೋ ಇದೆ, ನಾನು ಸುಮ್ಮನೆ ಕುಳಿತಿದ್ದೇನೆ — ಬಟ್ಟೆ ತಾನೇ ಒಗೆದುಕೊಳ್ಳುವಾಗ ಈ ಕೈಗಳನ್ನು ಎಲ್ಲಿಡಬೇಕೋ ತಿಳಿಯದು, ನಾಲ್ಕು ವರ್ಷ ಬೊಗೊಟಾದ ತಣ್ಣೀರಿನಲ್ಲಿ ಬೆರಳ ಸಂದು ಒಡೆದ ಕೈಗಳು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ನಗರಸಭೆಯ ಈ ಕೇಂದ್ರದಲ್ಲಿ ಬಟ್ಟೆ ಒಗೆಯುವುದು ಪುಕ್ಕಟೆ, ಮೆಷಿನ್ನಿನ ಸರದಿ ಬರುವವರೆಗೆ ಪಕ್ಕದ ಕೋಣೆಯಲ್ಲಿ ಪಾಠ, ಬಿಟ್ಟ ಶಾಲೆಯನ್ನು ಬಿಟ್ಟಲ್ಲಿಂದ ಮುಗಿಸಬಹುದು, ಐವತ್ತೆರಡರ ನಾನು ಬೆಳಿಗ್ಗೆ ಭಿನ್ನರಾಶಿ ಮಾಡಿದೆ, ಮೂರರಲ್ಲಿ ಎರಡು ಸರಿ, ಯಾರಿಗಾದರೂ ಹೇಳಬೇಕೆನಿಸಿತು. ಅಷ್ಟು ಹೊತ್ತು ಅಮ್ಮನ ಬಳಿ ಕೇಂದ್ರದವರೇ ಕಳಿಸಿದ ಮಾರ್ಲೆನಿ ಇರುತ್ತಾಳೆ, ನನ್ನದೇ ವಯಸ್ಸು, ದೊಡ್ಡ ದನಿ, ಬಂದವಳೇ ಕೈ ತೊಳೆದು ಅಮ್ಮನ ಮುಂದೆ ಮಂಡಿಯೂರಿದಳು, ದೊನ್ಯಾ ಹೆರ್ಮೆಲಿಂಡಾ, ನಿಮ್ಮ ಮಗಳು ಶಾಲೆಗೆ ಹೋಗ್ತಾಳಂತೆ, ಕಳಿಸಿಕೊಡೋಣ್ವಾ? ಅಮ್ಮ ಗೋಡೆ ನೋಡುತ್ತಿದ್ದಳು. ಬೇರೆಯವರ ಕೈಯಿಂದ ತಿನ್ನಲ್ಲ ಅವಳು, ಎಂದೆ ಬಾಗಿಲಲ್ಲಿ ನಿಂತು, ಅರ್ಜಿಯಲ್ಲೂ ಅದನ್ನೇ ಬರೆದಿದ್ದೆ, ತಾವಾಗಿಯೇ ಊಟ ಮಾಡುತ್ತಾರೆಯೇ — ಇಲ್ಲ, ಕೆಳಗೆ ಎರಡು ಗೆರೆ. ಬಟ್ಟಲು ಮುಚ್ಚಿಟ್ಟು, ಪಕ್ಕದಲ್ಲಿ ಚಮಚ ಇಟ್ಟು ಬಂದೆ.

ಭಾನುವಾರ ಅಣ್ಣ ಎಲಿಸೆಯೊ ತುಂಹಾದಿಂದ ಫೋನು ಮಾಡಿದ್ದ, ಗೊತ್ತು ಗುರಿಯಿಲ್ಲದವರ ಕೈಲಿ ಅಮ್ಮನ್ನ ಬಿಡ್ತೀಯಾ ನೂಬಿಯಾ, ಊಟ ಬಿಟ್ಟರೆ ಏನ್ಮಾಡ್ತೀಯಾ? ಬಂದು ಒಂದು ದಿನ ಕೂತವನಲ್ಲ, ದೂರದ ಬೆಟ್ಟ ನುಣ್ಣಗೆ, ಆದರೂ ಬಾಯಿ ಜಾರಿತು, ಒಂದು ಹೊತ್ತು ಬಿಟ್ಟರೂ ಮತ್ತೆ ಹೋಗಲ್ಲ ಕಣೋ, ಮಾತು ಕೊಡ್ತೀನಿ. ಕೊಟ್ಟೆ. ಅಮ್ಮ ಇವತ್ತು ಉಪವಾಸ ಬಿದ್ದರೆ ಇದೇ ಮೊದಲ ಪಾಠ, ಇದೇ ಕೊನೆಯದು. ಮತ್ತೆ, ನಿಜ ಹೇಳಬೇಕು, ಕೇಳುವವರು ಯಾರೂ ಇಲ್ಲವಲ್ಲ, ಅಮ್ಮ ತಿನ್ನದೇ ಇರಲಿ ಎಂದು ನನ್ನೊಳಗೊಬ್ಬಳು ಕಾಯುತ್ತಿದ್ದಾಳೆ — ನಿನ್ನ ಕೈಯೇ ಬೇಕಂತೆ, ಪುಣ್ಯ ಮಾಡಿದ್ದಳು ನಿನ್ನಂಥ ಮಗಳನ್ನ ಪಡೆಯೋಕೆ, ಎಂದು ಓಣಿಯವರು ಅನ್ನುವಾಗ ಹಿಗ್ಗುವವಳು ಅವಳೇ. ಕೇಂದ್ರದ ಮೇಡಂ ಎಲ್ಲರ ಎದೆಗೂ ಕಾಗದದ ಹೂವು ಚುಚ್ಚುತ್ತಾ ಬಂದರು, ನಿಮ್ಮ ಸೇವೆಗೆ ಊರಿನ ಗೌರವ ಇದು. ಎಂಟು ವರ್ಷದಿಂದ ಹೆಂಡತಿಯನ್ನು ನೋಡಿಕೊಳ್ಳುತ್ತಿರುವ ಮುದುಕ ಅರ್ಸೇಸಿಯೊ ಗೌರವವನ್ನು ಹಾಗೇ ಬಿಡುವವನೇ, ಹೂವು ಚೆನ್ನಾಗಿದೆ ಮೇಡಂ, ಆದ್ರೆ ಇದು ಹೇಲುಬಟ್ಟೆ ಒಗೆಯಲ್ಲ, ಇನ್ನೊಂದು ಮೆಷಿನ್ ತರ್ಸಿ. ಮೇಡಂ ನಕ್ಕರು, ಬರೆದುಕೊಂಡರು ಕೂಡ. ನಾನೂ ನಕ್ಕೆ, ಗಡಿಯಾರ ನೋಡಿದೆ, ಹನ್ನೆರಡೂವರೆ, ಈಗ ಊಟದ ಹೊತ್ತು.

ಊಟವೆಂದರೆ ಬೊಯಾಕಾದ ನಮ್ಮ ಹಳ್ಳಿಮನೆ, ಗೋಧಿನುಚ್ಚಿಗೆ ಹಂದಿಮೂಳೆ ಹಾಕಿ ಕುದಿಸಿದ ಕುಚೂಕೊ, ಏಳು ಮಕ್ಕಳು, ಸೌಟು ಹಿಡಿದು ನಿಂತ ಅಮ್ಮ. ಬೇಕು ಅನ್ನಬಾರದು, ಸಾಕು ಅನ್ನಬಾರದು, ಅದು ಅವಳ ಕಟ್ಟಳೆ, ಚಮಚ ಅಂಗಾತ ಇದ್ದರೆ ಇನ್ನೊಂದು ಸೌಟು, ಬೋರಲು ಹಾಕಿದರೆ ಹೊಟ್ಟೆ ತುಂಬಿತು, ಅಮ್ಮ ನಮ್ಮ ಮುಖ ನೋಡುತ್ತಿರಲಿಲ್ಲ, ಚಮಚ ನೋಡುತ್ತಿದ್ದಳು. ಮರೆವು ಶುರುವಾದ ಮೇಲೂ ಅವಳೇ ತಿನ್ನುತ್ತಿದ್ದಳು, ಕೈ ನಡುಗಿ ಗಲ್ಲದ ಮೇಲೆ, ಮಡಿಲ ಮೇಲೆ, ಈ ಹಳದಿ ಹೂವಿನ ಮೇಲೆ, ಒಂದು ಬಟ್ಟಲಿಗೆ ಒಂದು ಗಂಟೆ, ನನಗೋ ಸಂಜೆಯೊಳಗೆ ಹೊಲಿದು ಕೊಡಬೇಕಾದ ಶಾಲೆಯಂಗಿಗಳ ರಾಶಿ, ಚಮಚ ಕೊಡಮ್ಮ ಇಲ್ಲಿ, ಆರಿಹೋಗುತ್ತೆ — ಕೊಟ್ಟುಬಿಟ್ಟಳು, ತಕರಾರಿಲ್ಲದೆ. ಅವತ್ತಿನಿಂದ ಬಾಯಿ ತೆರೆ, ನುಂಗು, ಇನ್ನೆರಡೇ ಎರಡು, ಎಂಟು ನಿಮಿಷದಲ್ಲಿ ಊಟ ಮುಗಿಯುತ್ತದೆ. ಅಮ್ಮ ನನ್ನ ಕೈಯಿಂದ ಮಾತ್ರ ತಿನ್ನುತ್ತಾಳೆ ಎಂದು ನಾನೇ ಊರಿಗೆಲ್ಲ ಹೇಳಿದೆ, ಹೇಳಿ ಹೇಳಿ ನಂಬಿದೆ.

ಮಡಿಲಲ್ಲಿ ಫೋನು ನಡುಗುತ್ತದೆ, ಮಾರ್ಲೆನಿ ಬರೆದಿದ್ದಾಳೆ, ಊಟ ಆಯ್ತು, ಒಂದು ಗಂಟೆ ಹತ್ತು ನಿಮಿಷ ತಗೊಂಡ್ರು, ಚಮಚ ಅವರ ಕೈಗೇ ಕೊಟ್ಟೆ, ಚೆಲ್ಲಿದ್ದನ್ನ ಒರೆಸಿದ್ದಷ್ಟೇ ನನ್ನ ಕೆಲಸ. ಕೆಳಗೊಂದು ಫೋಟೊ. ಏನಂತೆ, ತಿಂದ್ರಾ, ಅರ್ಸೇಸಿಯೊ ಬಗ್ಗುತ್ತಾನೆ, ಬಾಗಿಲಲ್ಲಿ ಟೀಚರು ಪಟ್ಟಿ ಹಿಡಿದು, ನೂಬಿಯಾ, ಮುಂದಿನ ಗುರುವಾರ ಬರ್ತೀರಾ, ಹೆಸರು ಬರ್ಕೊಳ್ಳಾ, ನನ್ನ ದನಿಯೇ ಇರಬೇಕು, ಬರ್ಕೊಳ್ಳಿ ಅನ್ನುತ್ತಿದೆ, ಗಾಜಿನ ಹಿಂದೆ ಹೂವು ನಿಂತಿದೆ, ಮೆಷಿನ್ ನಿಂತಿದೆ, ಎದ್ದು ಬಟ್ಟೆ ತೆಗೆಯಬೇಕು, ಹಿಂದೆ ಕಾಯುವವರಿದ್ದಾರೆ — ಎರಡು ವರ್ಷ, ದಿನಕ್ಕೆ ಮೂರು ಹೊತ್ತು, ಸಾಕಾ ಅಮ್ಮ ಎಂದು ಒಮ್ಮೆಯೂ ಕೇಳಲಿಲ್ಲ ನಾನು, ಹೇಳಲು ಅವಳ ಕೈಯಲ್ಲಿ ಏನೂ ಉಳಿಸಿರಲಿಲ್ಲ — ಫೋಟೊದಲ್ಲಿ ಬಟ್ಟಲು ಖಾಲಿ, ಸುತ್ತ ಸೂಪಿನ ಹನಿಗಳು, ಬಟ್ಟಲಿನ ನಡುವೆ ಚಮಚ, ಬೋರಲು.