ಕೆಮ್ಮಿಲ್ಲದ ಏಳು ನಿಮಿಷ

ಹತ್ತೊಂಬತ್ತನೆಯ ಕೆಮ್ಮನ್ನು ತೆಗೆದುಹಾಕಿದ ಮೇಲೆ ಅವಳು ಹೆಡ್‌ಫೋನ್ ಇಳಿಸಿ, ತಣ್ಣಗಾಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದಳು. ಇನ್ನು ನಾಲ್ಕು ಉಳಿದಿದ್ದವು. ಕಂಪ್ಯೂಟರಿನ ಪರದೆಯ ಮೇಲೆ ಅಪ್ಪನ ಮಾತು ಹಸಿರು ಗೆರೆಗಳಾಗಿ ಹರಡಿಕೊಂಡಿತ್ತು. ಕೆಮ್ಮು ಬಂದಲ್ಲೆಲ್ಲ ಗೆರೆ ಎತ್ತರಕ್ಕೆ ಎದ್ದು ನಿಲ್ಲುತ್ತಿದ್ದರಿಂದ ಕಿವಿಗೊಡದೆಯೂ ಜಾಗ ಗೊತ್ತಾಗುತ್ತಿತ್ತು.

ರೇಡಿಯೋ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಏಳೂವರೆಯ ಕಾರ್ಯಕ್ರಮಕ್ಕೆ ಬರುವ ಮಾತುಗಳನ್ನು ಸೋಸುವುದು ಅವಳ ಕೆಲಸ. ನಲ್ಲಿಯಲ್ಲಿ ನೀರು ಬರದ ಬೀದಿಯವರು, ದಿನಾ ತಡವಾಗುವ ಬಸ್ಸಿನ ಮೇಲೆ ಸಿಟ್ಟಾದವರು, ಯಾವುದನ್ನು ಕೇಳಿದರೂ ಪರಿಶೀಲಿಸುತ್ತಿದ್ದೇವೆ ಎನ್ನುವ ಅಧಿಕಾರಿಗಳು, ಎಲ್ಲರೂ ಅವಳ ಕೈ ದಾಟಿಯೇ ಊರಿನ ಅಡುಗೆಮನೆಗಳಿಗೆ ಹೋಗಬೇಕು. ತಡವರಿಸುವವರು ಅವಳ ಕೈಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದರು. ಅಧಿಕಾರಿಗಳನ್ನು ಮಾತ್ರ ಯಾವ ಕತ್ತರಿಯೂ ಉದ್ಧಾರ ಮಾಡಲಾರದು ಎಂದು ಕಾರ್ಯಕ್ರಮದ ನಿರೂಪಕರು ನಗುತ್ತಿದ್ದರು. ಹತ್ತು ವರ್ಷದಿಂದ ಅದೇ ಅಧಿಕಾರಿಗಳನ್ನು ಬೈಯುತ್ತ ಬಂದಿದ್ದ ಅವರಿಗೆ ಅಷ್ಟು ನಗುವ ಹಕ್ಕಿತ್ತು.

ಈ ಸಲದ ವಿಷಯ ಕಲ್ಲುಪುಡಿ ಕಾರ್ಖಾನೆ. ಅಲ್ಲಿ ದುಡಿದು ಎದೆ ಕೆಡಿಸಿಕೊಂಡ ಹದಿನೆಂಟು ಜನ, ನಮ್ಮ ಕಾಯಿಲೆ ಧೂಳಿನಿಂದಲೇ ಬಂದದ್ದೆಂದು ಒಪ್ಪಿಕೊಳ್ಳಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದ್ದರು. ಒಪ್ಪಿದರೆ ಹೆಸರು ರೋಗಿಗಳ ಪಟ್ಟಿಗೆ ಸೇರುತ್ತದೆ. ಪಟ್ಟಿಗೆ ಸೇರಿದವರಿಗೆ ಆಸ್ಪತ್ರೆಯಲ್ಲಿ ಹಾಸಿಗೆ, ಮನೆಗೊಂದು ಆಮ್ಲಜನಕದ ಯಂತ್ರ, ಎರಡೂ ಕಾರ್ಖಾನೆಯ ಖರ್ಚಿನಲ್ಲಿ. ಇಲ್ಲದಿದ್ದರೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಒಂದೊಂದೇ ಉಸಿರಿಗೆ ಕಾಯುವುದು. ಹತ್ತು ದಿನ ಬಿಟ್ಟು ಮೂವರ ಮಂಡಳಿಯೊಂದು ಎಲ್ಲರನ್ನೂ ಕರೆದು ನೋಡುವುದಿತ್ತು. ಅರ್ಜಿಯಲ್ಲಿ ಮೊದಲ ಹೆಸರು ಅವಳ ಅಪ್ಪನದು.

ಕಾರ್ಮಿಕರೊಬ್ಬರು ಮಾತಾಡಲಿ ಎಂಬುದು ನಿರೂಪಕರ ಆಸೆ. ಕೆಲಸದಲ್ಲಿದ್ದವರು ಯಾರೂ ಬಾಯಿ ಬಿಡಲಿಲ್ಲ. "ನಿಮ್ಮಪ್ಪನೇ ಇದ್ದಾರಲ್ಲಮ್ಮ, ಅವರನ್ನೇ ಕರ್ಕೊಂಡು ಬಾ" ಎಂದು ನಿರೂಪಕರು ಅವಳಿಗೆ ಹೇಳಿದರು. ಅಪ್ಪ ಇಪ್ಪತ್ತಾರು ವರ್ಷ ಕಲ್ಲರೆಯುವ ಯಂತ್ರದ ಮುಂದೆ ನಿಂತವನು. ಮನೆಯಲ್ಲಿ ಕೂತು ನಾಲ್ಕು ವರ್ಷವಾಗಿತ್ತು. ಹಾಸಿಗೆಯಿಂದ ಅಡುಗೆಮನೆಯವರೆಗೆ ನಡೆದರೆ ನಡುವೆ ಒಮ್ಮೆ ಗೋಡೆ ಹಿಡಿದು ನಿಲ್ಲಬೇಕಿತ್ತು. ಸ್ಟುಡಿಯೋದ ಎಂಟು ಮೆಟ್ಟಿಲು ಹತ್ತಿಸಲು ಅವಳಿಗೆ ಕಾಲು ಗಂಟೆ ಹಿಡಿಯಿತು.

ಮೈಕಿನ ಮುಂದೆ ಕೂರಿಸಿ ಅವಳೇ ಪಾಠ ಹೇಳಿಕೊಟ್ಟಿದ್ದಳು. "ಕೆಮ್ಮು ಬರೋ ಹಾಗಾದ್ರೆ ಕೈ ಎತ್ತಪ್ಪ. ಮಾತು ನಿಲ್ಸು, ಕೆಮ್ಮಿ ಮುಗ್ಸು. ಆಮೇಲೆ ಆ ವಾಕ್ಯಾನ ಮೊದಲಿಂದ ಹೇಳು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಕೈ ಎತ್ತೋದು ಯಾಕೆ? ಮೇಷ್ಟ್ರು ಹೊಡೀತಾರಾ?"

"ಕತ್ತರಿಸೋ ಜಾಗ ನನಗೆ ಗೊತ್ತಾಗ್ಬೇಕಲ್ಲ."

ಅಪ್ಪ ಹಾಗೇ ಮಾಡಿದ. ಇಪ್ಪತ್ಮೂರು ಸಲ ಅವನ ಕೈ ಮೇಲೆದ್ದಿತು. ಏಳು ನಿಮಿಷದ ಮಾತಿಗೆ ಐವತ್ತು ನಿಮಿಷ ಬೇಕಾಯಿತು. ಕೊನೆಗೆ ಅವನ ತುಟಿ ನೀಲಿಯಾಗಿದ್ದರೂ ಒಂದು ವಾಕ್ಯವನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ.

ಉಳಿದ ನಾಲ್ಕನ್ನು ತೆಗೆಯಲು ಅವಳು ಮತ್ತೆ ಹೆಡ್‌ಫೋನ್ ಏರಿಸುವಾಗ ನಿರೂಪಕರು ಬಾಗಿಲಲ್ಲಿ ಇಣುಕಿದರು. "ಒಂದೆರಡು ಇರ್ಲಿ ಬಿಡಮ್ಮ. ಮನುಷ್ಯ ಕಾಯಿಲೆಯವನು ಅಂತ ಜನಕ್ಕೆ ಗೊತ್ತಾಗ್ಲಿ."

"ಜನ ತಿಂಡಿ ತಿನ್ನೋ ಹೊತ್ತು ಸರ್. ಕೆಮ್ಮು ಕೇಳಿಸಿದ್ರೆ ರೇಡಿಯೋ ಆರಿಸ್ತಾರೆ. ಅಪ್ಪ ಹೇಳಿದ್ದು ಕೇಳಿಸ್ಬೇಕು, ಕೆಮ್ಮಿದ್ದಲ್ಲ."

ಅವರು ಸರಿ ಎನ್ನುವಂತೆ ತಲೆಯಾಡಿಸಿ ಹೋದರು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಪೂರ್ತಿ ನಿಜವೂ ಅದಲ್ಲ. ಒಂದೊಂದು ಕೆಮ್ಮು ಉದುರಿದಂತೆ ಒಳಗಿನಿಂದ ಹಳೆಯ ದನಿಯೊಂದು ಎದ್ದು ಬರುತ್ತಿತ್ತು. ಅವಳು ಚಿಕ್ಕವಳಿದ್ದಾಗ ಕೆಲಸ ಮುಗಿಸಿ ಬರುತ್ತ ಬೀದಿಯ ತಿರುವಿನಿಂದಲೇ ಅವಳನ್ನು ಕೂಗುತ್ತಿದ್ದ ದನಿ. ಅದನ್ನು ಅವಳು ಮರೆತೇಬಿಟ್ಟಿದ್ದಳು. ಸಿಕ್ಕಿದ್ದನ್ನು ಬಿಡಲು ಮನಸ್ಸಾಗಲಿಲ್ಲ. ಇಪ್ಪತ್ಮೂರನೆಯದನ್ನೂ ತೆಗೆದಳು. ಉಸಿರು ಎಳೆಯುವ ಸಿಳ್ಳಿನಂಥ ಸದ್ದನ್ನೂ, ತೆಗೆ ಎಂದು ಯಾರೂ ಹೇಳಿರದಿದ್ದರೂ, ಕೂತು ಒಂದೊಂದಾಗಿ ಆರಿಸಿ ತೆಗೆದಳು.

ಸೋಮವಾರ ಬೆಳಿಗ್ಗೆ ಮಾತು ಪ್ರಸಾರವಾಯಿತು. ಕೇಂದ್ರಕ್ಕೆ ಫೋನಿನ ಮೇಲೆ ಫೋನು ಬಂತು. ನಿರೂಪಕರು ಕಾರ್ಖಾನೆಯವರನ್ನು ಹೆಸರು ಹಿಡಿದು ಝಾಡಿಸಿದರು. ಅವಳು ಮನೆಗೆ ಬಂದರೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಮದುವೆ ಆದಾಗ ಇವರ ಮಾತು ಹೀಗೇ ಇತ್ತು ಕಣೇ" ಎಂದಳು. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ನಾಚಿಕೊಂಡಿದ್ದ. "ಯಾರೋ ಚೆನ್ನಾಗಿ ಮಾತಾಡ್ತಾನೆ ಅಂತ ಕೇಳ್ತಿದ್ದೆ. ನೋಡಿದ್ರೆ ನಾನೇ" ಎಂದು, ನಗಲು ಹೋಗಿ ಕೆಮ್ಮಿದ. ಆ ಮನೆಯಲ್ಲಿ ಹಾಗೆ ಎಲ್ಲರೂ ಒಟ್ಟಿಗೆ ಸಂತೋಷಪಟ್ಟು ಎಷ್ಟೋ ಕಾಲವಾಗಿತ್ತು. ಅದಕ್ಕೆ ತಾನೇ ಕಾರಣಳೆಂಬ ಹೆಮ್ಮೆ ಅವಳಿಗೆ ಆ ವಾರವಿಡೀ ಇತ್ತು.

ಮುಂದಿನ ಗುರುವಾರ ಮಂಡಳಿಯ ಮುಂದೆ ಹೋದರು. ಉದ್ದನೆಯ ಮೇಜು, ಮೂರು ಕುರ್ಚಿ, ಗೋಡೆಗೆ ಎಕ್ಸ್‌ರೇ ಸಿಕ್ಕಿಸಿ ನೋಡುವ ಬೆಳಕಿನ ಪೆಟ್ಟಿಗೆ. ನಡುವಿನ ಕುರ್ಚಿಯಲ್ಲಿ ಹಿರಿಯ ವೈದ್ಯೆ. ಎಕ್ಸ್‌ರೇಯಲ್ಲಿ ಕಂಡ ಮಬ್ಬು ಧೂಳಿನದೂ ಆಗಿರಬಹುದು, ಹಳೆಯ ಸೋಂಕಿನ ಗುರುತೂ ಆಗಿರಬಹುದು ಎಂದು ಕಾರ್ಖಾನೆಯ ಡಾಕ್ಟರು ಮೊದಲೇ ಬರೆದು ಕೊಟ್ಟಿದ್ದರು. ಉಸಿರು ಅಳೆಯುವ ಕೊಳವೆಗೆ ಅಪ್ಪ ಊದಿದ, ಮುಳ್ಳು ಕದಲಿತೋ ಇಲ್ಲವೋ ಎನ್ನುವಷ್ಟು. ಬೇಕೆಂದೇ ಊದುತ್ತಿಲ್ಲ ಎಂದರು ಕಾರ್ಖಾನೆಯ ವಕೀಲರು.

"ಎಷ್ಟು ವರ್ಷ ಯಂತ್ರದ ಮುಂದೆ ಕೆಲಸ ಮಾಡಿದ್ರಿ?" ವೈದ್ಯೆ ಮೆತ್ತಗೆ ಕೇಳಿದರು.

"ನಾನು ಇಪ್ಪತ್ತಾರು..." ಅಪ್ಪ ಮಾತು ನಿಲ್ಲಿಸಿದ. ಬಲಗೈ ಮೇಲಕ್ಕೆತ್ತಿದ. ಕೆಮ್ಮಿದ, ಬಾಗಿ ಮೊಣಕಾಲಿಗೆ ಹಣೆ ತಾಗುವಷ್ಟು. ಮೇಲೆದ್ದು ಬಾಯೊರೆಸಿಕೊಂಡು ಮೊದಲಿಂದ ಹೇಳಿದ. "ನಾನು ಇಪ್ಪತ್ತಾರು ವರ್ಷ ಯಂತ್ರದ ಮುಂದೆ ಕೆಲಸ ಮಾಡಿದೀನಿ ಅಮ್ಮಾ."

ಹಿಂದಿನ ಬೆಂಚಿನಲ್ಲಿದ್ದ ಅವಳಿಗೆ ತಾನು ಹೇಳಿಕೊಟ್ಟ ಪಾಠ ನೆನಪಾಯಿತು.

"ಕೈ ಎತ್ತಿ ಕೆಮ್ಮೋ ಕಾಯಿಲೆ ನಾನಂತೂ ನೋಡಿಲ್ಲ ಮೇಡಂ" ಎಂದರು ವಕೀಲರು. ಅವರು ಕೆಟ್ಟ ಮನುಷ್ಯನಂತೆ ಕಾಣುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ನಿಧಾನದ ಮಾತು. ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. "ಹತ್ತು ದಿನದ ಹಿಂದೆ ಇದೇ ಮನುಷ್ಯ ರೇಡಿಯೋದಲ್ಲಿ ಮಾತಾಡಿದ್ದಾರೆ. ದಯವಿಟ್ಟು ಪೂರ್ತಿ ಕೇಳ್ಬೇಕು."

ಏಳು ನಿಮಿಷ ಆ ಕೋಣೆಯಲ್ಲಿ ಅಪ್ಪನ ದನಿ ತುಂಬಿಕೊಂಡಿತು. ಎಲ್ಲೂ ತೊಡಕಿಲ್ಲ. ಎದೆಯಲ್ಲಿ ಧೂಳು ಕೂತಿದೆ ಎಂದು ಹೇಳುತ್ತಿದ್ದ ಆ ದನಿ, ಧೂಳು ಕಂಡೇ ಇಲ್ಲದ ಮನುಷ್ಯನದು. ಅಪ್ಪ ತನ್ನ ಮಾತನ್ನು ತಾನೇ ಬಾಯಿ ತೆರೆದು ಕೇಳುತ್ತಿದ್ದ. ನಡುವೆ ಎರಡು ಸಲ ಕೆಮ್ಮು ಬಂತು. ಎರಡು ಸಲವೂ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, ರೇಡಿಯೋಗೆ ಅಡ್ಡಿಯಾಗದ ಹಾಗೆ ಕೆಮ್ಮಿದ.

ಅವಳು ಎದ್ದು ನಿಂತಳು. "ಅದು ಹಾಗಲ್ಲ ಮೇಡಂ. ಇಪ್ಪತ್ಮೂರು ಕೆಮ್ಮಿತ್ತು. ನಾನೇ ತೆಗೆದಿದ್ದು. ಅದು ನನ್ನ ಕೆಲಸ."

"ನೀವು ಯಾರು?"

"ಇವರ ಮಗಳು."

ವಕೀಲರು ಫೋನನ್ನು ಜೇಬಿಗೆ ಹಾಕಿಕೊಂಡರು. ವೈದ್ಯೆ ಕನ್ನಡಕ ತೆಗೆದರು. "ಮಗಳು ಹೇಳಿದ್ದನ್ನ ನಾನು ಬರ್ಕೊಳ್ಳೋಕಾಗಲ್ಲಮ್ಮ. ಕತ್ತರಿಸದೆ ಇರೋ ಮೂಲ ಧ್ವನಿ ಇರ್ಬೇಕಲ್ಲ? ಸೋಮವಾರ ಮಧ್ಯಾಹ್ನದೊಳಗೆ ತಂದ್ಕೊಡಿ. ಇಲ್ಲಾಂದ್ರೆ ಕೇಂದ್ರದಿಂದ ಒಂದು ಪತ್ರ ತನ್ನಿ. ಇವರ ವಿಷಯದಲ್ಲಿ ಅನುಮಾನ ಬಂದ್ರೆ ಉಳಿದ ಹದಿನೇಳು ಜನರದ್ದೂ ಅದೇ ಕಣ್ಣಲ್ಲಿ ನೋಡ್ಬೇಕಾಗುತ್ತೆ."

ಮೂಲ ಧ್ವನಿ ಇರಲಿಲ್ಲ. ಅದು ಅವಳಿಗೆ ಆ ಕೋಣೆಯಲ್ಲಿ ನಿಂತಾಗಲೇ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಪ್ರತಿ ಶನಿವಾರ ಹಳೆಯದನ್ನೆಲ್ಲ ಅಳಿಸುವುದು ಕೇಂದ್ರದ ಪದ್ಧತಿ. ಅಳಿಸುವವಳೂ ಅವಳೇ. ಆದರೂ ಶುಕ್ರವಾರ ಬೆಳಿಗ್ಗೆ ಹೋಗಿ ಎಲ್ಲ ಕಡೆ ಹುಡುಕಿದಳು. ನೀರಿನ ಪೈಪು ಒಡೆದದ್ದರ ಬಗ್ಗೆ ಇಂಜಿನಿಯರೊಬ್ಬರ ಮಾತು, ಅಳಿಸಲು ಮರೆತದ್ದು, ಮೂರು ತಿಂಗಳಿಂದ ಹಾಗೇ ಕೂತಿತ್ತು. ಪರಿಶೀಲಿಸುತ್ತಿದ್ದೇವೆ, ಎಂದಿತು ಅದು.

ಪತ್ರ ಕೇಳಿದಾಗ ಕೇಂದ್ರದ ಮುಖ್ಯಸ್ಥರು ಬಾಗಿಲು ಹಾಕಿ ಕೂರಿಸಿದರು. "ನಾವು ಕತ್ತರಿಸ್ತೀವಿ ಅಂತ ಬರೆದು ಸಹಿ ಹಾಕಿದ್ರೆ, ನಾಳೆ ಪ್ರತಿಯೊಬ್ಬ ಅಧಿಕಾರೀನೂ ನನ್ನ ಮಾತು ಕತ್ತರಿಸಿದ್ರು ಅಂತಾನೆ. ಕಾರ್ಯಕ್ರಮ ಉಳಿಯುತ್ತೇನಮ್ಮ? ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ."

ನಿರೂಪಕರು ಹೊರಗೆ ಕಾಯುತ್ತಿದ್ದರು. ಒಂದೆರಡು ಇರಲಿ ಎಂದಿದ್ದೆನಲ್ಲ ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಜಗಳವಾಡಲಾದರೂ ಒಬ್ಬರು ಸಿಗುತ್ತಿದ್ದರು. "ನಾನು ಬಂದು ಹೇಳ್ಲಾ?" ಎಂದರು. ಅವರು ಕಾರ್ಖಾನೆಯನ್ನು ರೇಡಿಯೋದಲ್ಲಿ ಬೈದದ್ದು ವಕೀಲರ ಫೋನಿನಲ್ಲೇ ಇತ್ತು. ಅವರ ಸಾಕ್ಷಿಯನ್ನು ಯಾರು ಕೇಳುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಬೇಡ ಸರ್ ಎಂದಳು.

ಭಾನುವಾರ ಬೆಳಿಗ್ಗೆ ಅವಳು ಕೇಂದ್ರದ ಚಿಕ್ಕ ರೆಕಾರ್ಡರನ್ನು ಮನೆಗೆ ತಂದಳು. ಇದನ್ನೂ ನಾಟಕವೆಂದೇ ಅನ್ನುತ್ತಾರೆ, ಇದರಿಂದ ಏನೂ ಆಗುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೇ ತಂದಳು. ಆದರೆ ಸೋಮವಾರ ಬರಿಗೈಯಲ್ಲಿ ಹೋಗಿ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ.

"ಮೂರು ದಿನದಿಂದ ಇವರು ನನ್ನ ಮುಂದೇನೂ ಕೆಮ್ಮಲ್ಲ" ಎಂದಳು ಅಮ್ಮ, ಅಡುಗೆಮನೆಯ ಬಾಗಿಲಲ್ಲೇ ತಡೆದು. "ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಕೆಮ್ತಾರೆ."

ಅಪ್ಪ ರೆಕಾರ್ಡರು ನೋಡಿದವನೇ ಗೋಡೆ ಹಿಡಿದು ಎದ್ದ. ಒಗೆದ ಅಂಗಿ ಹಾಕಿಕೊಂಡ, ನೀರು ಹಚ್ಚಿ ತಲೆ ಬಾಚಿಕೊಂಡ, ಒಂದು ಲೋಟ ಬಿಸಿನೀರು ಕುಡಿದು ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಏನೂ ಹೇಳೋದು ಬೇಡಪ್ಪ. ಸುಮ್ನೆ ಕೂತಿರು. ಕೆಮ್ಮು ಬಂದ್ರೆ ಕೆಮ್ಮು, ಅಷ್ಟೇ."

"ಮತ್ತೆ ತೆಗೀತೀಯಲ್ಲ?"

"ಇಲ್ಲಪ್ಪ. ಈ ಸಲ ಒಂದನ್ನೂ ತೆಗೆಯಲ್ಲ."

"ಹಾಗಾದ್ರೆ ನಾನೇ ಹುಷಾರಾಗಿರ್ಬೇಕು" ಎಂದ ಅಪ್ಪ. "ನಿನ್ನ ಹೆಸರು ಕೆಡಿಸ್ದೆ ಅವತ್ತು. ಅಷ್ಟು ಜನರ ಮುಂದೆ ನಿನ್ನ ಎಬ್ಬಿಸಿ ನಿಲ್ಲಿಸಿದ್ರು, ನನ್ನಿಂದ."

"ಅಪ್ಪ, ಅದು..." ಎಂದಳು. ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು.

ಅಪ್ಪ ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಶುರುಮಾಡಿದ. "ಎಲ್ಲರಿಗೂ ನಮಸ್ಕಾರ. ನಾನು ಇಪ್ಪತ್ತಾರು ವರ್ಷ..." ಮಾತು ನಿಂತಿತು. ಬಲಗೈ ಮೇಲಕ್ಕೆದ್ದಿತು. ಅರ್ಧ ಎದ್ದದ್ದನ್ನು ಅವನೇ ನೋಡಿ, ಎಡಗೈಯಿಂದ ಅದನ್ನು ಹಿಡಿದು ತೊಡೆಯ ಮೇಲಕ್ಕೆ ಎಳೆದು ಒತ್ತಿಕೊಂಡ. ತುಟಿ ಬಿಗಿಯಾಯಿತು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು.

"ಕೆಮ್ಮಪ್ಪ" ಎಂದಳು ಅವಳು. "ನಿನ್ನ ದಮ್ಮಯ್ಯ, ಕೆಮ್ಮು."

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಮಾತಾಡಬೇಡ, ಅದು ಕೇಳಿಸಿಕೊಳ್ಳುತ್ತಿದೆ ಎಂದು ಕಣ್ಣಲ್ಲೇ ಕೆಂಪು ದೀಪವನ್ನು ತೋರಿಸಿದ. ರೆಕಾರ್ಡರಿನ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಒಂದು ಕೈಯನ್ನು ಇನ್ನೊಂದು ಕೈಯಿಂದ ಅದುಮಿಕೊಂಡು ಅವನು ನೆಟ್ಟಗೆ ಕೂತೇ ಇದ್ದ.