ಹೂಂ ಅನ್ನುವವರು ಬೇಕು

"ಹೂಂ ಅನ್ನವರು ಬೇಕ್ರಿ ಅಕ್ಕೋರ. ಇಲ್ಲಂದ್ರ ಕಥಿ ಮುಂದ ಹೋಗೂದಿಲ್ಲ," ಎಂದಳು ಪ್ರಾಜಕ್ತಾ, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಶಾಲೆಯ ಅಂಗಳದಲ್ಲಿ ಕೂತವರೆಲ್ಲ ನಕ್ಕರು. ಮೂರನೆಯ ತರಗತಿಯ ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಕಡೆಯ ಮನೆಗಳಲ್ಲಿ ಕಥೆ ಹೇಳುವವರ ಎದುರು ಒಬ್ಬರು ಕೂತು ಮಾತಿಗೊಮ್ಮೆ ಹೂಂ ಎನ್ನಬೇಕು. ಹೂಂ ನಿಂತರೆ ಕೇಳುವವರಿಗೆ ನಿದ್ದೆ ಹತ್ತಿತೆಂದು ಲೆಕ್ಕ, ಕಥೆಯೂ ಅಲ್ಲಿಗೇ ನಿಲ್ಲುತ್ತದೆ.

"ಯಾರು ಬೇಕವಾ ನಿನಗ?" ಎಂದು ಕೇಳಿದರು ಕಾಂಚನ ಟೀಚರ್. ಅಂದು ಶಾಲೆಯಲ್ಲಿ ನಡೆದಿದ್ದ ಓದುವ ಹಬ್ಬ ಅವರದೇ ಹುಮ್ಮಸ್ಸು. ಬೆಳಿಗ್ಗೆಯೇ ಬಂದು ಕೋಣೆಯಿಂದ ಕೋಣೆಗೆ ದಾರ ಕಟ್ಟಿ, ಪುಸ್ತಕಗಳನ್ನು ಬಟ್ಟೆ ಒಣಹಾಕಿದಂತೆ ತೂಗುಹಾಕಿಸಿದ್ದರು. ಮಕ್ಕಳಿಗೆಲ್ಲ ಕಾಗದದ ಕಿರೀಟ. ಕಥೆಗೆ ಮಾತ್ರ ಒಂದು ಷರತ್ತು: ಪುಸ್ತಕದ್ದು ಬೇಡ, ತಮ್ಮದೇ ಕಟ್ಟಿಕೊಂಡು ಬರಬೇಕು.

"ನಮ್ಮ ಪಪ್ಪಾ. ಮನ್ಯಾಗ ದಿನಾ ಅವರ ಅಂತಾರ."

ಪಪ್ಪಾ ಎಂದರೆ ಸಿದ್ದಲಿಂಗ, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ. ಅವನಷ್ಟು ಕಬ್ಬು, ದ್ರಾಕ್ಷಿ ಇದ್ದವರೆಲ್ಲ ಮಕ್ಕಳನ್ನು ಹಳದಿ ವ್ಯಾನಿನಲ್ಲಿ ಅಥಣಿಯ ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದರು. ಇವನು ಮಗಳನ್ನು ಊರ ಶಾಲೆಗೇ ಹಾಕಿದ್ದ, ಹಾಕಿದ್ದೇನೆಂದು ಸಭೆ ಸಭೆಯಲ್ಲೂ ಹೇಳುತ್ತಿದ್ದ. ಪುಸ್ತಕದ ಕಪಾಟನ್ನೂ ಕೊಡಿಸಿದ್ದ. ಅದರ ಮೇಲೆ 'ಗ್ರಂಥಾಲಯ' ಎಂಬುದಕ್ಕಿಂತ ಅವನ ಹೆಸರೇ ದಪ್ಪಕ್ಷರದಲ್ಲಿತ್ತು. ಮನುಷ್ಯ ಕೆಟ್ಟವನಲ್ಲ. ತಾನು ಒಳ್ಳೆಯವನೆಂಬುದು ಊರಿಗೆ ಗೊತ್ತಿರಲಿ ಎಂಬ ಆಸೆ ಅಷ್ಟೆ.

ಮಂಗಸೂಳಿಯಿಂದ ತರಿಸಿದ ಸ್ಪೀಕರ್ ಕುಂಯ್ ಎಂದಿತು. ಅವನ ಕೈಗೂ ಒಂದು ಮೈಕು ಬಂತು. ಕಟ್ಟೆ ಹತ್ತಿ ಮಗಳ ಪಕ್ಕದಲ್ಲಿ ಹೋಗಿ ನಿಂತ, ಎದೆ ತುಂಬಿಕೊಂಡು.

"ಒಂದೂರಾಗ ಒಬ್ಬ ರಾಜಾ ಇದ್ದ."

"ಹೂಂ."

"ಅವಂದೊಂದು ದೊಡ್ಡ ದ್ರಾಕ್ಷಿ ಬಾಗ ಇತ್ತು."

"ಹೂಂ." ಕೂತವರಲ್ಲಿ ಯಾರೋ, "ರಾಜಾ ನಮ್ಮ ಅಧ್ಯಕ್ಷರನ ಬಿಡ್ರಿ," ಎಂದರು. ಸಿದ್ದಲಿಂಗನೂ ನಕ್ಕ.

"ಆ ಬಾಗದಾಗ ಒಬ್ಬಾಕಿ ಮಾವಶಿ ಕೆಲಸಾ ಮಾಡ್ತಿದ್ಲು. ಮುಂಜಾನಿಂದ ಸಂಜಿತನಾ ಬಿಸಲಾಗ ಮಾಡಿದ್ರೂ ಆಕಿಗೆ ದಣಿವ ಆಗ್ತಿರಲಿಲ್ಲ. ಯಾಕಂದ್ರ ಆಕಿ ಹಂತ್ಯಾಕ ಚಹಾ ಕುಡಿಯೂ ಒಂದು ಮಂತ್ರದ ಕಪ್ಪ ಇತ್ತು."

"ಹೂಂ."

"ಅರಮನ್ಯಾಗಿನ ಬ್ಯಾರೆ ಕಪ್ಪೆಲ್ಲಾ ಅಡಗಿಮನ್ಯಾಗ ಇರ್ತಿದ್ದುವು. ಇದೊಂದ ಮಾತ್ರ ಹಿತ್ತಲದಾಗ, ಗ್ವಾಡಿ ಮಾಡದಾಗ. ಮ್ಯಾಲ ಗುಲಾಬಿ ಹೂ ಇತ್ತು. ಕಿವಿ ಮುರದಿತ್ತು."

ಹೂಂ ಅನ್ನಲು ತೆರೆದ ಸಿದ್ದಲಿಂಗನ ಬಾಯಿ ಹಾಗೇ ನಿಂತಿತು.

ಆ ಕಪ್ಪು ನಿಜಕ್ಕೂ ಇತ್ತು. ಪ್ರಾಜಕ್ತಾ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಸುಂದರಾಳದು. ಬುದ್ಧವಿಹಾರದ ಓಣಿಯ ಸುಂದರಾ, ಸಿದ್ದಲಿಂಗನ ಮದುವೆಗೂ ಮುಂಚಿನಿಂದ ಅವರ ತೋಟದಲ್ಲಿ ಕೂಲಿ ಮಾಡುವವಳು. ಅವನ ಅಪ್ಪನ ಕಾಲದಲ್ಲಿ ಅವಳ ಓಣಿಯವರು ಬೊಗಸೆ ಒಡ್ಡಿದರೆ ಮೇಲಿಂದ ನೀರು ಹೊಯ್ಯುತ್ತಿದ್ದರು. ಮನೆ ತನ್ನ ಕೈಗೆ ಬಂದಾಗ ಸಿದ್ದಲಿಂಗ, "ಹಿಂಗ ಚಲೋ ಕಾಣೂದಿಲ್ಲ," ಎಂದು ಒಂದು ಕಪ್ಪು ಕೊಡಿಸಿದ್ದ. ಬೇರೆ ಕಪ್ಪು. ಅಷ್ಟಕ್ಕೇ ತಾನು ಸುಧಾರಿಸಿದವನೆಂದುಕೊಂಡಿದ್ದ. ಏಪ್ರಿಲ್ ಹದಿನಾಲ್ಕರಂದು ಇದೇ ಕಟ್ಟೆಯ ಮೇಲೆ ನಿಂತು "ನಾವೆಲ್ಲಾ ಒಂದ" ಎಂದು ಭಾಷಣ ಮಾಡಿ ಚಪ್ಪಾಳೆ ಹೊಡೆಸಿಕೊಂಡವನೂ ಅವನೇ. ಆ ಕಪ್ಪನ್ನು ಯಾಕೆ ಮುಟ್ಟಬಾರದೆಂದು ಮಗಳು ಒಮ್ಮೆ ಕೇಳಿದಾಗ, "ಅದು ಮಾವಶೀದು, ಮುಟ್ಟಬಾರದು," ಎಂದಷ್ಟೇ ಹೇಳಿ ಬೈಕು ಹತ್ತಿದ್ದ. ಉಳಿದದ್ದನ್ನು ಹುಡುಗಿ ತಾನೇ ಕಟ್ಟಿಕೊಂಡಿದ್ದಳು.

"ಪಪ್ಪಾ, ಹೂಂ ಅನ್ನ."

"ಹೂಂ."

"ಅದನ್ನ ಯಾರೂ ಮುಟ್ಟೂ ಹಂಗ ಇರಲಿಲ್ಲ. ರಾಜಾ ಸೈತ ಮುಟ್ಟೂ ಹಂಗ ಇರಲಿಲ್ಲ. ರಾಜನ ಅವ್ವ ಮ್ಯಾಲಿಂದ ಚಹಾ ಹಾಕ್ತಿದ್ಲು, ಕಿಟ್ಲಿ ಕಪ್ಪಿಗೆ ತಾಗಿದ್ರ ಮಂತ್ರ ಹೋಗ್ತಿತ್ತು. ಕುಡದ ಮ್ಯಾಲ ಮಾವಶೀನ ತೊಳೀತಿದ್ಲು. ಬ್ಯಾರೆಯವರು ತೊಳದ್ರೂ ಮಂತ್ರ ಹೋಗ್ತಿತ್ತು."

ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ದೊಡ್ಡವರು ನಗುವುದನ್ನು ನಿಲ್ಲಿಸಿದ್ದರು. ಗೋಡೆಯಲ್ಲಿ ಅಂಥ ಮಾಡ, ಮಾಡದಲ್ಲಿ ಅಂಥ ಕಪ್ಪು ಅಲ್ಲಿ ಕೂತ ಎಷ್ಟೋ ಜನರ ಹಿತ್ತಲಲ್ಲೂ ಇತ್ತು. ಆದರೆ ಮೈಕಿನಲ್ಲಿ ಬಂದದ್ದು ಸಿದ್ದಲಿಂಗನದು. ಅವನು ಕಂಪೌಂಡಿನ ಕಡೆ ನೋಡಬಾರದೆಂದುಕೊಂಡೇ ನೋಡಿದ. ಮೊಮ್ಮಗ ಸುರಜನ ಕಥೆ ಕೇಳಲು ಅರ್ಧ ದಿನದ ಕೂಲಿ ಬಿಟ್ಟು ಬಂದ ಸುಂದರಾ ಅಲ್ಲಿ ನಿಂತಿದ್ದಳು, ತನ್ನ ಓಣಿಯ ಹೆಂಗಸರ ನಡುವೆ.

"ಸಾಕು ಬಾ" ಎಂದು ಮಗಳನ್ನು ಇಳಿಸಿಕೊಂಡರೆ ಇದು ತಮ್ಮ ಮನೆಯ ಕಥೆಯೆಂದು ಒಪ್ಪಿಕೊಂಡಂತೆ. ಹೂಂ ಎಂದರೂ ಒಪ್ಪಿಕೊಂಡಂತೆಯೇ. ಅತ್ತ ದರಿ, ಇತ್ತ ಪುಲಿ. ಕಾಂಚನ ಟೀಚರ್ ಏನಾದರೂ ಮಾಡಿಯಾರೇ ಎಂದು ನೋಡಿದ. ಅವರು ತಲೆ ತಗ್ಗಿಸಿ ಸೆರಗಿನ ಅಂಚನ್ನು ಸರಿಮಾಡಿಕೊಳ್ಳುತ್ತಿದ್ದರು.

"ಹೂಂ," ಎಂದ, ಮೈಕನ್ನು ಬಾಯಿಂದ ದೂರ ಹಿಡಿದು.

"ಒಂದಿನ ಏನಾತು, ರಾಜನ ಮಗಳು ಯಾರಿಗೂ ಕಾಣದಂಗ ಹೋಗಿ ಆ ಕಪ್ಪಿನಾಗ ನೀರು ಕುಡದ್ಲು."

"ಅಯ್ಯ ಪ್ರಾಜೂ! ಯಾವಾಗ ಕುಡದೀ ಬೇ?"

ಮುಂದಿನ ಸಾಲಿನಲ್ಲಿ ಕೂತಿದ್ದ ಚನ್ನವ್ವ, ಸಿದ್ದಲಿಂಗನ ತಾಯಿ, ಚಾಪೆಯಿಂದ ಅರ್ಧ ಎದ್ದೇಬಿಟ್ಟಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಲ್ಲಿಯತನಕ ರಾಜನ ಕಥೆ ಎಂದು ಸುಮ್ಮನಿದ್ದವರೂ ಈಗ ಸುಮ್ಮನಿರುವಂತಿರಲಿಲ್ಲ. ಒಬ್ಬರು ಕೆಮ್ಮಿದರು. ಒಬ್ಬರು ಮೊಬೈಲನ್ನು ಕೆಳಗಿಳಿಸಿದರು.

"ಕಥಿಯಾಗ ಆಯಿ, ಕಥಿಯಾಗ," ಎಂದು ಅಜ್ಜಿಗೆ ಸಮಾಧಾನ ಹೇಳಿ ಪ್ರಾಜಕ್ತಾ ಅಪ್ಪನ ಮುಖ ನೋಡಿದಳು. ಅವನ ಹೂಂ ಬರಬೇಕಿತ್ತು. ಬರಲಿಲ್ಲ. ಸ್ಪೀಕರಿನಲ್ಲಿ ಅವನ ಉಸಿರು ಮಾತ್ರ ಊರಿಗೆಲ್ಲ ಕೇಳುತ್ತಿತ್ತು. ಹುಡುಗಿ ಕಾದಳು. ಅವಳ ಕಿರೀಟ ಒಂದು ಕಡೆ ವಾಲಿತ್ತು. ಕಥೆ ಕೆಡುತ್ತದೆಂದು ಗಾಬರಿಯಾಗಿ ಅಪ್ಪನ ಅಂಗಿ ಜಗ್ಗಿದಳು.

"ಹೂಂ."

ಕಂಪೌಂಡಿನ ಕಡೆಯಿಂದ ಬಂತು. ಮೈಕಿಲ್ಲದ ದನಿ. ಸುಂದರಾ ತಲೆಯ ಸೆರಗು ಸರಿಮಾಡಿಕೊಂಡು, ಹುಡುಗಿಯನ್ನಷ್ಟೇ ನೋಡುತ್ತ ಮತ್ತೊಮ್ಮೆ ಅಂದಳು. "ಹೂಂ. ಮುಂದ?"

ಪ್ರಾಜಕ್ತಾಳ ಮುಖ ಅರಳಿತು. ಅಪ್ಪನಿಗೆ ಬೆನ್ನು ಮಾಡಿ ಆ ಕಡೆಗೇ ತಿರುಗಿದಳು.

"ಕುಡದು ಬಾಗದಾಗ ಓಡಿದ್ಲು. ಎರಡು ಸಾಲ ಓಡೂದ್ರಾಗ ದಣಿವಾಗಿ ಕುಂತಬಿಟ್ಲು."

"ಹೂಂ."

"ಮಂತ್ರ ಆಕಿಗೆ ಹತ್ತಲೇ ಇಲ್ಲ. ಯಾಕಂದ್ರ ರಾಜನ ಮನಿಯವರಿಗೆ ಆ ಕಪ್ಪಿನ ಯೋಗ್ಯತಿ ಇರಲಿಲ್ಲ. ಅದಕ್ಕ ಅದನ್ನ ಬ್ಯಾರೆ ಇಟ್ಟಿದ್ರು. ಮುಗೀತ್ರಿ."

ಮೊದಲು ಮಕ್ಕಳು ಚಪ್ಪಾಳೆ ತಟ್ಟಿದವು. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಟ್ಟಿದರು. ಸಿದ್ದಲಿಂಗನೂ ತಟ್ಟಿದ. ಇನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ಆಮೇಲೆ ಅಧ್ಯಕ್ಷನಾದ್ದರಿಂದ ಬಹುಮಾನದ ಪುಸ್ತಕಗಳನ್ನೂ ಅವನೇ ಕೊಡಬೇಕಾಯಿತು. ಸುರಜನ ಕೈಗೆ ಪುಸ್ತಕ ಕೊಡುವಾಗ, ಆ ಹುಡುಗ ಕಪ್ಪಿನ ವಿಷಯ ತಿಳಿದವನಂತೆ ನೇರ ನೋಡುತ್ತಾನೆಂದು ಅನ್ನಿಸಿತು. ಹುಡುಗ ನಿಜವಾಗಿ ನೋಡುತ್ತಿದ್ದದ್ದು ಪುಸ್ತಕದ ಮೇಲಿನ ಹುಲಿಯನ್ನು.

"ನಂದು ಚಲೋ ಆಗಲಿಲ್ಲೇನ ಪಪ್ಪಾ? ನೀ ಯಾಕ ಹೂಂ ಅನ್ನಲಿಲ್ಲ?" ಬೈಕಿನ ಮೇಲೆ ಹಿಂದಿನಿಂದ ಮಗಳು ಕೇಳಿದಳು. ಗಾಳಿಗೆ ಕೇಳಿಸಲಿಲ್ಲ ಎಂಬಂತೆ ಅವನು ಗಾಡಿಯ ವೇಗ ಹೆಚ್ಚಿಸಿದ.

ಮನೆಯಲ್ಲಿ ಚನ್ನವ್ವ ಅಷ್ಟರಲ್ಲಿ ಉಪಾಯ ಹುಡುಕಿಟ್ಟಿದ್ದಳು. "ನಾಳಿಂದ ಕಾಗದದ ಕಪ್ ತರಸು. ಕುಡದು ಒಗದ ಬಿಡ್ತಾರ. ಯಾರೂ ಏನೂ ಅನ್ನೂದಿಲ್ಲ."

"ಏನೂ ಬ್ಯಾಡ," ಎಂದು ಸಿದ್ದಲಿಂಗ ರೇಗಿದ. "ನಾಳಿ ಮನ್ಯಾಗಿನ ಕಪ್ಪಿನಾಗ ಕೊಡೂದು. ನಾನ ಕೊಡ್ತೀನಿ." ಚನ್ನವ್ವ ಬಾಯಿ ತೆರೆದಳು, ಮಗನ ಮುಖ ನೋಡಿ ಮುಚ್ಚಿಕೊಂಡಳು. ಅಷ್ಟು ಹೇಳಿದ ಮೇಲೆ ಅವನಿಗೆ ಸ್ವಲ್ಪ ಸಮಾಧಾನವಾಗಿ, ಊಟ ಸೇರಿತು.

ಮರುದಿನ ಬೆಳಿಗ್ಗೆ ಕೂಲಿಯವರು ಹಿತ್ತಲಲ್ಲಿ ಚಹಾಕ್ಕೆ ಕೂತಾಗ ತಾನೇ ಕಪ್ಪು ಹಿಡಿದು ಹೊರಗೆ ಬಂದ. ಬೀಗರು ಬಂದಾಗ ತೆಗೆಯುವ ಬಂಗಾರದ ಅಂಚಿನ ಕಪ್ಪು, ಕೆಳಗಿಡುವ ಬಶಿ ಸಮೇತ. ಸುಂದರಾಳ ಎದುರು ನಿಂತ. "ತಗೋ" ಎನ್ನಬೇಕೋ "ತಗೋರಿ" ಎನ್ನಬೇಕೋ ತಿಳಿಯದೆ "ಚಹಾ" ಎಂದಷ್ಟೇ ಅಂದ. ಉಳಿದವರು ಕೈಯಲ್ಲಿದ್ದ ಚಹಾ ಬಿಟ್ಟು ಇವನನ್ನೇ ನೋಡುತ್ತಿದ್ದರು.

ಸುಂದರಾ ಎದ್ದು ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ್ರಿ ಮಾಲಕರ. ನಾ ಮನ್ಯಾಗ ಕುಡದ ಬಂದೇನಿ."

"ಸ್ವಲ್ಪ..."

"ಆತ್ರಿ, ಕುಡದೇನಿ. ಇನ್ನಮ್ಯಾಲ ಮನ್ಯಾಗ ಕುಡದ ಬರ್ತೀನ್ರಿ," ಎಂದು ಕತ್ತರಿ ಎತ್ತಿಕೊಂಡು ದ್ರಾಕ್ಷಿ ಸಾಲಿನೊಳಗೆ ಹೋದಳು. ಮನೆಯಿಂದಲೇ ಲೋಟ ತರುತ್ತಿದ್ದ ಅವಳ ಓಣಿಯ ಇನ್ನಿಬ್ಬರು ಹೆಂಗಸರೂ ಎದ್ದು ಹಿಂದೆಯೇ ಹೋದರು.

ಸಿದ್ದಲಿಂಗ ತುಂಬಿದ ಕಪ್ಪು ಹಿಡಿದು, ಚೆಲ್ಲದ ಹಾಗೆ ನಿಧಾನವಾಗಿ ನಡೆದು ಒಳಗೆ ಬಂದ. ಬಾಗಿಲಲ್ಲೇ ಚನ್ನವ್ವ ನಿಂತಿದ್ದಳು. ಮಗನ ಮುಖ ಬಿಟ್ಟು ಕಪ್ಪಿನ ಅಂಚನ್ನು ನೋಡಿದಳು.

"ಬಾಯಿ ಹಚ್ಚಿದ್ಲೇನ?"

"ಇಲ್ಲ."

ಚನ್ನವ್ವನ ಉಸಿರು ಸಡಿಲವಾಯಿತು. ಅದೇ ಗಳಿಗೆಯಲ್ಲಿ ತನ್ನದೂ ಸಡಿಲವಾದದ್ದು ಅವನಿಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ಶಾಲೆಗೆ ಹೊರಟ ಪ್ರಾಜಕ್ತಾ ಏನೋ ಹಾಡಿಕೊಳ್ಳುತ್ತಿದ್ದಳು. ಅವಳಿಗೆ ಮುಖ ತೋರಿಸಲಾಗದೆ, ಕಪ್ಪು ಹಿಡಿದುಕೊಂಡು ಬಾಗಿಲಲ್ಲೇ ನಿಂತ. ಚಹಾದ ಮೇಲೆ ಕೆನೆ ಕಟ್ಟತೊಡಗಿತ್ತು.