ರೆಗ್ಯುಲೇಟರ್‌ಗೆ ಸುತ್ತಿದ ಟ್ಯೂಬು

ಬಾಗೂರಿನ ಗುಮಾಸ್ತ ಲಕ್ಷ್ಮೀಕಾಂತ ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಹೊಸದುರ್ಗದಲ್ಲಿ ಗ್ಯಾರೇಜು ಇಟ್ಟಿದ್ದ ಮಕ್ಸೂದ್ ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಲಕ್ಷ್ಮೀಕಾಂತನ ಬೈಕು ಕಂಡರೆ ಸಾಕು, ‘ಬಾರಲೇ ಕಾಂತ’ ಎಂದು ಕೂಗಿ ಚಹಾ ತರಿಸುತ್ತಿದ್ದ. ಆದರೂ ಗಾಡಿಯನ್ನು ಅವನ ಕೈಗೆ ಬಿಡುವಾಗ ಲಕ್ಷ್ಮೀಕಾಂತ ಒಂದೊಂದು ಬೋಲ್ಟನ್ನೂ ಎಣಿಸಿಟ್ಟುಕೊಳ್ಳುತ್ತಿದ್ದ.

ಯುಗಾದಿಯ ಮುಂಚೆ ಸರ್ವಿಸಿಗೆ ಬಿಡುವಾಗ ಒಂದು ಉಪಾಯ ಹೂಡಿದ್ದ. ಬ್ಯಾಟರಿಗೆ ಕರೆಂಟು ಹದ ಮಾಡಿ ಕಳಿಸುವ ರೆಗ್ಯುಲೇಟರ್ ಬಿಚ್ಚಿ, ಅದರ ಬೆನ್ನಿಗೆ ಮೊಳೆಯಿಂದ ‘ಲ’ ಎಂದು ಗೀಚಿದ. ಯಾರೂ ಬದಲಾಯಿಸದಿರಲಿ ಎಂದು ಹಳೇ ಸೈಕಲ್ ಟ್ಯೂಬು ಕತ್ತರಿಸಿ ಅದಕ್ಕೆ ಬಿಗಿಯಾಗಿ ಸುತ್ತಿ, ಮತ್ತೆ ಗಾಡಿಗೆ ಕೂರಿಸಿದ.

ಎರಡು ತಿಂಗಳಲ್ಲಿ ಬ್ಯಾಟರಿ ದಿನಾ ಸಾಯತೊಡಗಿತು. ಲಕ್ಷ್ಮೀಕಾಂತನಿಗೆ ಇನ್ನೇನು ಬೇಕು? ಮಕ್ಸೂದ್ ಒರಿಜಿನಲ್ ರೆಗ್ಯುಲೇಟರ್ ಎತ್ತಿಟ್ಟುಕೊಂಡು ಹಳೇದು ಹಾಕಿದ್ದಾನೆ ಎಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹತ್ತು ಜನರೆದುರು ಅಂದುಬಿಟ್ಟ. ಮಕ್ಸೂದ್ ಏನೋ ಹೇಳಲು ಬಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಅಂದಿನಿಂದ ಗ್ಯಾರೇಜಿನ ಮುಂದೆ ಗಾಡಿಗಳು ಕಮ್ಮಿಯಾದವು.

ಭಾನುವಾರ ಚಿತ್ರದುರ್ಗದಿಂದ ಹೊಸ ರೆಗ್ಯುಲೇಟರ್ ತಂದು ಮನೆ ಜಗುಲಿಯಲ್ಲೇ ಕೂತ. ‘ಲ’ ಗುರುತಿಲ್ಲದ ಡಬ್ಬಿ ಸಿಕ್ಕೇ ಸಿಗುತ್ತದೆ, ಅದನ್ನು ಗ್ಯಾರೇಜಿನ ಮುಂದೆ ಎಸೆದು ಬರುವುದು ಅವನ ಲೆಕ್ಕ. ಬ್ಯಾಟರಿಯ ವೈರು ಕಳಚಿ, ಹತ್ತನೇ ನಂಬರ್ ಸ್ಪ್ಯಾನರಿನಿಂದ ಎರಡು ಬೋಲ್ಟು ಬಿಚ್ಚಿದ. ಟ್ಯೂಬು ಕರಗಿ ಡಬ್ಬಿಯ ಗೆರೆಗೆರೆಯಲ್ಲೂ ಮೆತ್ತಿಕೊಂಡಿತ್ತು. ಹೊರಳಿಸಿ, ಬೆನ್ನಿಗಂಟಿದ ರಬ್ಬರು ಕೆರೆದ. ಬೆನ್ನ ಮೇಲೆ ಅವನದೇ ಕೈಬರಹದ ‘ಲ’.

ಹೆಂಡತಿ ಅನುಸೂಯ ಬಗ್ಗಿ ನೋಡಿದಳು. “ಕಾಯೋ ವಸ್ತುವಿಗೆ ಗಾಳಿ ಆಡ್ದಂಗೆ ಕಂಬ್ಳಿ ಹೊದಿಸಿದ್ರೆ ಸುಡದೆ ಇನ್ನೇನ್ರಿ? ಇದನ್ನ ಸುತ್ತಿದ್ದು ಯಾರು?”

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಹೊಸದನ್ನು ಬರಿಮೈಯಲ್ಲೇ ಕೂರಿಸಿ, ಪ್ಲಗ್ಗು ಸಿಕ್ಕಿಸಿ, ಗಾಡಿ ಚಾಲೂ ಮಾಡಿ ಮೀಟರ್ ಹಿಡಿದ. ಹದಿನಾಲ್ಕು ವೋಲ್ಟ್ ತೋರಿಸಿತು. ಕೆಲಸ ಗೆದ್ದಿತ್ತು, ಆದರೆ ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು.

ಸುಟ್ಟ ಡಬ್ಬಿಯನ್ನು ಟ್ಯೂಬಿನ ಸಮೇತ ಚೀಲಕ್ಕೆ ಹಾಕಿಕೊಂಡು ನೇರ ಚಹಾದಂಗಡಿಗೆ ಹೋದ. ಅಂದು ಅಂದದ್ದೆಲ್ಲ ಸುಳ್ಳು, ತಪ್ಪು ನನ್ನದು ಎಂದು ಅಲ್ಲಿದ್ದವರಿಗೆಲ್ಲ ಡಬ್ಬಿ ತೋರಿಸಿ ಹೇಳಿದ. ಆಮೇಲೆ ಗ್ಯಾರೇಜಿಗೆ ನಡೆದು ಅದನ್ನು ಮಕ್ಸೂದನ ಮುಂದಿಟ್ಟ.

ಮಕ್ಸೂದ್ ಹೊರಳಿಸಿ ನೋಡಿದ. ಬೈಯಲಿಲ್ಲ. ಸ್ಟೂಲಿನ ಧೂಳು ಬಟ್ಟೆಯಿಂದ ಒರೆಸಿ ಮುಂದಕ್ಕೆ ತಳ್ಳಿದ.

“ಬರ್ರಿ ಸಾರ್,” ಅಂದ. “ಕುಂತ್ಕಳ್ರಿ.”